ಕ್ಯಾಮ್ ಹಡಗಿನ ಮೂತಿಯಿಂದ ಹರಿಕೇನ್ ಹಾರಿಸುತ್ತಿದ್ದ ಕ್ರಮ: ಮಾದರಿ ಕಟ್ಟಲು ವಿವರ ಬೇಕು

ಮಡಿಕೇರಿ ಮಾಡೆಲರ್

ಎಲ್ಲರಿಗೂ ನಮಸ್ಕಾರ. ಮಡಿಕೇರಿಯ ಶಾಲೆಯೊಂದರ ವಸ್ತುಪ್ರದರ್ಶನಕ್ಕೆ ಎರಡನೇ ಮಹಾಯುದ್ಧದ ಕ್ಯಾಮ್ ಹಡಗಿನ (ಕ್ಯಾಟಪಲ್ಟ್ ಏರ್‌ಕ್ರಾಫ್ಟ್ ಮರ್ಚೆಂಟ್, ಅಂದರೆ ಫೈಟರ್ ವಿಮಾನ ಹಾರಿಸುವ ಬ್ರಿಟಿಷ್ ಸರಕು ಹಡಗು) ಮುಂಭಾಗವನ್ನಷ್ಟೇ 1:72 ಅಳತೆಯಲ್ಲಿ ಕಟ್ಟುವ ಕೆಲಸ ನಡೆದಿದೆ. ಸರಕು ಹಡಗಿನ ಮೂತಿಯ ಮೇಲೆ ಕ್ಯಾಟಪಲ್ಟ್ (ವಿಮಾನವನ್ನು ರಭಸದಿಂದ ತಳ್ಳಿ ಹಾರಿಸುವ ಸಾಧನ), ಅದರ ಮೇಲೆ ಒಂದೇ ಒಂದು ಸೀ ಹರಿಕೇನ್ ಫೈಟರ್ ವಿಮಾನ. ಹಾರುವುದಕ್ಕೆ ಕೆಲವೇ ಸೆಕೆಂಡು ಮುಂಚಿನ ದೃಶ್ಯ ಬೇಕು.

ಕೊಡಗಿನಲ್ಲಿ ಫೈಟರ್ ಪೈಲಟ್ ಎಂದರೆ ಮಕ್ಕಳಿಗೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರು ಗೊತ್ತು, 1965ರ ಸರ್ಗೋಧಾ ದಾಳಿ ಗೊತ್ತು. ಆದರೆ ಮರಳಿ ಇಳಿಯಲು ಜಾಗವೇ ಇಲ್ಲದ ಕಡೆಯಿಂದ ವಿಮಾನ ಹಾರಿಸುತ್ತಿದ್ದರು ಎಂದರೆ ನಂಬುವುದು ಕಷ್ಟ. ಹಾಗಾಗಿ ಪಕ್ಕದಲ್ಲಿ ಹಾಕುವ ಬರಹವೂ ಸರಿಯಾಗಿರಬೇಕು. ಕೇಳಬೇಕಾದದ್ದು ಇಷ್ಟು:

ಕ್ಯಾಟಪಲ್ಟ್ ಹಡಗಿನಲ್ಲಿ ನಿಖರವಾಗಿ ಎಲ್ಲಿತ್ತು, ಎಷ್ಟು ಉದ್ದ? ಹಾರಿಸುವಾಗ ಯಾರು ಎಲ್ಲಿ ನಿಲ್ಲುತ್ತಿದ್ದರು, ಯಾವ ಧ್ವಜ? ವಿಮಾನದ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಇಳಿಸುವ ಹಲಗೆ), ರಡ್ಡರ್ (ಬಾಲದ ಚುಕ್ಕಾಣಿ) ಯಾವ ಸ್ಥಿತಿಯಲ್ಲಿರಬೇಕು? ಹಾರಿದ ಮೇಲೆ ಪೈಲಟ್ ಏನು ಮಾಡುತ್ತಿದ್ದ? ಒಟ್ಟು ಎಷ್ಟು ಸಲ ಹೀಗೆ ಹಾರಿಸಿದರು, ಅದರಿಂದ ನಿಜಕ್ಕೂ ಪ್ರಯೋಜನ ಆಯಿತೇ?

ನಾಪೋಕ್ಲು ನೌಕಾಪ್ರಿಯ

ಒಳ್ಳೆಯ ವಿಷಯ ಆರಿಸಿಕೊಂಡಿದ್ದೀರಿ. ಮೊದಲು ಹಿನ್ನೆಲೆ ಚುಟುಕಾಗಿ, ಆಮೇಲೆ ಹಾರಿಸುವ ಕ್ರಮ.

1940ರ ಬೇಸಿಗೆಯಲ್ಲಿ ಫ್ರಾನ್ಸ್ ಬಿದ್ದ ಮೇಲೆ ಜರ್ಮನರ ನಾಲ್ಕು ಎಂಜಿನ್ನಿನ ಫಾಕೆ-ವುಲ್ಫ್ 200 ಕಾಂಡರ್ ವಿಮಾನಗಳು ಬೋರ್ಡೋ ಬಳಿಯ ಮೆರಿನ್ಯಾಕ್‌ನಿಂದ ಹೊರಟು, ಐರ್ಲೆಂಡಿನ ಪಶ್ಚಿಮಕ್ಕೆ ಸುತ್ತು ಹಾಕಿ, ನಾರ್ವೆಯಲ್ಲಿ ಇಳಿಯತೊಡಗಿದವು. ದಡದ ಮೇಲಿನ ಬ್ರಿಟಿಷ್ ಫೈಟರ್‌ಗಳಿಗೆ ಅಷ್ಟು ದೂರ ಎಟುಕುತ್ತಿರಲಿಲ್ಲ. ಬಾಂಬ್ ಹಾಕುವುದು ಅವುಗಳ ಒಂದು ಕೆಲಸ. ಅದೇ ಅಕ್ಟೋಬರಿನಲ್ಲಿ 'ಎಂಪ್ರೆಸ್ ಆಫ್ ಬ್ರಿಟನ್' ಎಂಬ ದೊಡ್ಡ ಹಡಗಿಗೆ ಕಾಂಡರ್ ಬೆಂಕಿ ಹಚ್ಚಿತು, ಎರಡು ದಿನದ ನಂತರ ಜಲಾಂತರ್ಗಾಮಿಯೊಂದು ಅದನ್ನು ಮುಳುಗಿಸಿತು. ಆದರೆ ಬಾಂಬಿಗಿಂತ ಕೆಟ್ಟದ್ದು ಕಾಂಡರಿನ ಕಣ್ಣು. ಕಾನ್ವಾಯ್ (ಬೆಂಗಾವಲಿನಲ್ಲಿ ಒಟ್ಟಾಗಿ ಸಾಗುವ ಹಡಗುಗಳ ಗುಂಪು) ಸುತ್ತ ತೋಪುಗಳಿಗೆ ಎಟುಕದ ದೂರದಲ್ಲಿ ಗಂಟೆಗಟ್ಟಲೆ ಸುತ್ತುತ್ತ ಅದು ಎಲ್ಲಿದೆ, ಯಾವ ಕಡೆ ಹೋಗುತ್ತಿದೆ ಎಂದು ರೇಡಿಯೋದಲ್ಲಿ ಹೇಳುತ್ತಿತ್ತು.

1941ರ ಮಾರ್ಚ್ 6ರ ಆದೇಶದಲ್ಲಿ ಚರ್ಚಿಲ್, ಹಡಗುಗಳಿಂದ ಫೈಟರ್ ಹಾರಿಸುವ ವ್ಯವಸ್ಥೆಗೆ ಅತ್ಯಂತ ಆದ್ಯತೆ ಕೊಡಬೇಕೆಂದರು. ಪೂರ್ಣ ಪ್ರಮಾಣದ ವಿಮಾನವಾಹಕ ಕಟ್ಟಲು ವರ್ಷಗಳು ಬೇಕು. ಇರುವ ಸರಕು ಹಡಗಿನ ಮೂತಿಗೆ ಕ್ಯಾಟಪಲ್ಟ್ ಕೂರಿಸಲು ವಾರಗಳು ಸಾಕು. ಹಡಗು ಎಂದಿನಂತೆ ತುಂಬು ಸರಕು ಹೊತ್ತೇ ಸಾಗುತ್ತಿತ್ತು, ಇದನ್ನು ಬರಹದಲ್ಲಿ ಮರೆಯಬೇಡಿ. ಅದು ಯುದ್ಧನೌಕೆ ಅಲ್ಲ. ಹಾರುತ್ತಿದ್ದದ್ದು ವ್ಯಾಪಾರಿ ಹಡಗಿನ ಕೆಂಪು ಧ್ವಜ. ಪೈಲಟ್ ವಾಯುಪಡೆಯವನು, ಆದರೂ ಹಡಗಿನ ಸಿಬ್ಬಂದಿ ಪಟ್ಟಿಗೆ ಸಹಿ ಹಾಕಿ ಕ್ಯಾಪ್ಟನ್ನನ ಅಧಿಕಾರಕ್ಕೆ ಒಳಪಡುತ್ತಿದ್ದ.

ಕ್ಯಾಟಪಲ್ಟ್ ಎಂದರೆ ಉಕ್ಕಿನ ಜಾಲರಿ ತೊಲೆಗಳ ಮೇಲೆ ಎರಡು ಹಳಿ, ಹಳಿಯ ಮೇಲೆ ಟ್ರಾಲಿ, ಟ್ರಾಲಿಯ ಹಿಂದೆ 3 ಇಂಚಿನ ರಾಕೆಟ್‌ಗಳ ಕಟ್ಟು. ಉದ್ದ ಸುಮಾರು 80 ಅಡಿ. ನಮ್ಮ ಕಡೆಯ ಮಧ್ಯಮ ಗಾತ್ರದ ಕಾಫಿ ಕಣದ ಉದ್ದವೂ ಇಲ್ಲ! ನಿಮ್ಮ ಅಳತೆಗೆ ಇಳಿಸಿದರೆ 34 ಸೆಂ.ಮೀ. ವಿಮಾನದ ರೆಕ್ಕೆಯಗಲ 40 ಅಡಿ, ಅಂದರೆ 17 ಸೆಂ.ಮೀ.ಗೆ ಸ್ವಲ್ಪ ಕಡಿಮೆ, ಉದ್ದ 13.3 ಸೆಂ.ಮೀ. ಬ್ರಿಡ್ಜ್‌ನ (ಕ್ಯಾಪ್ಟನ್ ನಿಂತು ಹಡಗು ನಡೆಸುವ ಎತ್ತರದ ಕಟ್ಟೆ) ಮುಂದಿನಿಂದ ಮೂತಿಯವರೆಗೆ, ನಡುಗೆರೆಗಿಂತ ಎಡಕ್ಕೆ ಸರಿಸಿ ಕೂರಿಸಿ. ನಟ್ಟನಡುವೆ ಕೂರಿಸಿದ ಮಾದರಿಗಳನ್ನು ಕಂಡಾಗ ಬೇಸರವಾಗುತ್ತದೆ, ಏಕೆಂದರೆ ಕ್ಯಾಪ್ಟನ್ ಎಲ್ಲಿ ನಿಲ್ಲಬೇಕು ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ಈಗ ಕ್ರಮ. ಬೆಳಗಾಗುತ್ತಲೇ ಟ್ರಾಲಿಯನ್ನು ಹಿಡಿದಿಡುವ ಅಡ್ಡಪಟ್ಟಿ ತೆಗೆಯುತ್ತಾರೆ. ಮೆಕ್ಯಾನಿಕ್‌ಗಳು ಆಗಾಗ ಎಂಜಿನ್ ಓಡಿಸಿ ಬಿಸಿ ಇಡುತ್ತಾರೆ. ಶತ್ರು ವಿಮಾನ ಕಂಡ ಸುದ್ದಿ ಬಂದರೆ ಪೈಲಟ್ ಕಾಕ್‌ಪಿಟ್ ಏರುತ್ತಾನೆ. ಹಾರಿಸುವುದೆಂದು ತೀರ್ಮಾನವಾದರೆ ಹಡಗು ಅಂತರರಾಷ್ಟ್ರೀಯ ಸಂಕೇತದ 'ಎಫ್' ಧ್ವಜ ಏರಿಸುತ್ತದೆ: ಬಿಳಿ ಬಟ್ಟೆಯಲ್ಲಿ ಕೆಂಪು ವಜ್ರಾಕೃತಿ. ಕ್ಯಾಮ್ ಹಡಗಿಗೆ ಸಾಮಾನ್ಯವಾಗಿ ಕಾನ್ವಾಯ್‌ನ ಎಡತುದಿಯ ಸಾಲಿನ ತಲೆಯ ಜಾಗ. ಗಾಳಿಗೆ ಮುಖ ಮಾಡಲು ತಿರುಗಿದಾಗ ಇನ್ನೊಂದು ಹಡಗಿಗೆ ಅಡ್ಡ ಬರಬಾರದಲ್ಲ.

ಒಬ್ಬ ಸಿಬ್ಬಂದಿ ಸುರಕ್ಷತಾ ಪಿನ್‌ಗಳನ್ನು ಕಿತ್ತು, ಪೈಲಟ್ಟಿಗೆ ತೋರಿಸಿ, ಕ್ಯಾಟಪಲ್ಟ್ ಅಧಿಕಾರಿಯ ಕೈಗೆ ಕೊಡುತ್ತಾನೆ. ಅಧಿಕಾರಿ ನೀಲಿ ಧ್ವಜವನ್ನು ತಲೆಯ ಮೇಲೆ ಎತ್ತಿದರೆ 'ನಾನು ಸಿದ್ಧ' ಎಂದು ಕ್ಯಾಪ್ಟನ್ನಿಗೆ ತಿಳಿಯುತ್ತದೆ. ಕ್ಯಾಪ್ಟನ್ ಹಡಗನ್ನು ಗಾಳಿಗೆ ತಿರುಗಿಸಿ ತನ್ನ ನೀಲಿ ಧ್ವಜ ಎತ್ತಿದರೆ ಅದು ಅನುಮತಿ. ಆತ ನಿಲ್ಲುವುದು ಬ್ರಿಡ್ಜ್‌ನ ಬಲಗಡೆ ಹೊರಚಾಚಿದ ಭಾಗದಲ್ಲಿ. ಎಡಗಡೆ ನಿಂತರೆ ರಾಕೆಟ್‌ಗಳ ಬೆಂಕಿ ನೇರ ಮೈಮೇಲೆ. ಬ್ರಿಡ್ಜ್‌ನ ಎಡಬದಿಯೇ ಕೆಲವೊಮ್ಮೆ ಜಖಂ ಆಗುತ್ತಿತ್ತು. ಅಧಿಕಾರಿ ಧ್ವಜ ಬೀಸುತ್ತಾನೆ, ಪೈಲಟ್ ಎಡಗೈ ಕೆಳಗಿಳಿಸಿ ಸನ್ನೆ ಮಾಡುತ್ತಾನೆ, ಅಧಿಕಾರಿ ಮೂರು ಎಣಿಸಿ, ಅಲೆಯ ತಗ್ಗಿನಿಂದ ಮೂತಿ ಮೇಲೇಳುವುದನ್ನು ಕಾದು, ಸ್ವಿಚ್ ಹಾಕುತ್ತಾನೆ.

ಮಾದರಿಯಲ್ಲಿ ಮೂತಿ ಸ್ವಲ್ಪ ಮೇಲೆದ್ದಿರಲಿ. ಮೂತಿ ಇಳಿಯುವಾಗ ಸ್ವಿಚ್ ಹಾಕಿದರೆ ವಿಮಾನ ನೇರ ಮುಂದಿನ ಅಲೆಗೆ.

ಸೋಮವಾರಪೇಟೆ ವಿಮಾನಾಸಕ್ತ

ನೌಕಾಪ್ರಿಯ ಅಣ್ಣ ಹಡಗಿನ ಕಡೆಯದನ್ನು ಪೂರ್ತಿ ಹೇಳಿದ್ದಾರೆ. ಕಾಕ್‌ಪಿಟ್ ಒಳಗಿನದು ನಾನು ಸೇರಿಸುತ್ತೇನೆ. ಮಾದರಿಯ ಜೀವ ಇರುವುದೇ ಅಲ್ಲಿ.

ಫ್ಲ್ಯಾಪ್ 30 ಡಿಗ್ರಿ ಇಳಿದಿರಬೇಕು. ರಡ್ಡರ್ ಬಲಕ್ಕೆ ಮೂರನೇ ಒಂದು ಭಾಗ. ಮರ್ಲಿನ್ ಎಂಜಿನ್ನಿನ ಪ್ರೊಪೆಲರ್ ಪೈಲಟ್ಟಿನ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಪೂರ್ತಿ ಶಕ್ತಿ ಕೊಟ್ಟಾಗ ಮೂತಿ ಎಡಕ್ಕೆ ಎಳೆಯುತ್ತದೆ. ರನ್‌ವೇ ಮೇಲೆ ಅದನ್ನು ತಿದ್ದಲು ಸಮಯ ಇದೆ, ಇಲ್ಲಿ ಇಲ್ಲ. ಆದ್ದರಿಂದ ಮೊದಲೇ ಬಲ ರಡ್ಡರ್.

ಸಮಯ ಎಷ್ಟೆಂದು ಲೆಕ್ಕ ಹಾಕಿ ನೋಡಿ. ವೇಗೋತ್ಕರ್ಷ ಗುರುತ್ವದ ಸುಮಾರು ಮೂರೂವರೆ ಪಟ್ಟು. ಹಳಿಯ ಕೊನೆಯಲ್ಲಿ ಟ್ರಾಲಿ ನಿಲ್ಲಿಸಲು ಸ್ವಲ್ಪ ಜಾಗ ಬಿಟ್ಟು 70 ಅಡಿ ಓಟ ಎಂದಿಟ್ಟುಕೊಂಡರೆ, ಸುಮಾರು 1.1 ಸೆಕೆಂಡಿನಲ್ಲಿ ಗಂಟೆಗೆ 135 ಕಿ.ಮೀ. ವೇಗ ಬರುತ್ತದೆ. ಅದಕ್ಕೆ ಹಡಗಿನ ವೇಗ, ಎದುರುಗಾಳಿ ಸೇರಿದಾಗ ವಿಮಾನ ಗಾಳಿಯಲ್ಲಿ ನಿಲ್ಲುತ್ತದೆ, ಆದರೆ ಸ್ವಲ್ಪದರಲ್ಲೇ. ಎದುರುಗಾಳಿ ಇಲ್ಲದ ದಿನ ವಿಮಾನ ಮೂತಿ ದಾಟಿದ ಮೇಲೆ ನೀರಿನ ಕಡೆ ಕುಸಿದು ಆಮೇಲೆ ಏರುತ್ತಿತ್ತು. ಮೂರು ಟನ್ ತೂಕದ ವಿಮಾನಕ್ಕೆ ಮೂರೂವರೆ ಪಟ್ಟು ಎಂದರೆ ಹತ್ತು ಟನ್ನಿಗೂ ಮಿಕ್ಕಿದ ತಳ್ಳು. ಹಾಗಾಗಿ ಹಳಿಯ ಕೆಳಗಿನ ಆಧಾರಗಳನ್ನು ಕಡ್ಡಿಯಂತೆ ತೆಳ್ಳಗೆ ಮಾಡಬೇಡಿ.

ಈ ತಳ್ಳಿಗೆ ಪೈಲಟ್ಟಿನ ಕೈಗಳು ತಾವಾಗಿಯೇ ಹಿಂದಕ್ಕೆ ಹೋಗುತ್ತವೆ. ಎಡಗೈ ಹಿಂದೆ ಹೋದರೆ ಥ್ರಾಟಲ್ ಮುಚ್ಚಿ ಎಂಜಿನ್ ಶಕ್ತಿ ಇಳಿಯುತ್ತದೆ. ಅದಕ್ಕೇ ಥ್ರಾಟಲ್ ಪೂರ್ತಿ ತೆರೆದು, ಅದರ ಘರ್ಷಣೆ ನಟ್ಟನ್ನು ಬಿಗಿ ಮಾಡಿ, ಆಮೇಲೆ ಕೈ ಇಳಿಸಿ ಸನ್ನೆ. ಬಲಗೈ ಹಿಂದೆ ಹೋದರೆ ಸ್ಟಿಕ್ (ವಿಮಾನ ನಡೆಸುವ ಕೋಲು) ಹಿಂದಕ್ಕೆ ಬಂದು ಮೂತಿ ಎದ್ದು, ಅಷ್ಟು ಕಡಿಮೆ ವೇಗದಲ್ಲಿ ವಿಮಾನ ಸ್ಟಾಲ್ ಆಗಿ, ಅಂದರೆ ರೆಕ್ಕೆಯ ಎತ್ತುವ ಬಲ ಕಳೆದುಕೊಂಡು, ಬೀಳುತ್ತದೆ. ಅದಕ್ಕೇ ಬಲ ಮೊಣಕೈಯನ್ನು ಸೊಂಟಕ್ಕೆ ಒತ್ತಿ ಹಿಡಿಯುವುದು. ತಲೆ ಹಿಂದಿನ ದಿಂಬಿಗೆ ಒರಗಿರಬೇಕು, ಇಲ್ಲವಾದರೆ ಕತ್ತು ಹೋಗುತ್ತದೆ. ನಿಮ್ಮ ಪೈಲಟ್ ಗೊಂಬೆಯನ್ನು ಹೀಗೆಯೇ ಕೂರಿಸಿ: ತಲೆ ಹಿಂದೆ, ಬಲ ಮೊಣಕೈ ಒಳಗೆ, ಎಡಗೈ ಇಳಿಯುತ್ತಿರುವಂತೆ.

ವಿಮಾನ ಸೀ ಹರಿಕೇನ್ ಮಾರ್ಕ್ 1ಎ, ಹಳೆಯ ಹರಿಕೇನ್ 1ಗಳನ್ನೇ ಕ್ಯಾಟಪಲ್ಟ್‌ಗೆ ಒಗ್ಗಿಸಿದ್ದು. ಬಾಲದಲ್ಲಿ ಅರೆಸ್ಟರ್ ಕೊಕ್ಕೆ (ಇಳಿಯುವಾಗ ತಂತಿಗೆ ಸಿಕ್ಕಿ ವಿಮಾನ ನಿಲ್ಲಿಸುವುದು) ಇರುವುದಿಲ್ಲ. ಕೊಕ್ಕೆ ಇರುವುದು ವಿಮಾನವಾಹಕಗಳಿಗೆ ಹೋದ 1ಬಿ ಮಾದರಿಯಲ್ಲಿ. ಕಿಟ್ ಪೆಟ್ಟಿಗೆಯಲ್ಲಿ ಕೊಕ್ಕೆ ಕೊಟ್ಟಿದ್ದರೆ ಬಿಟ್ಟುಬಿಡಿ. ರೆಕ್ಕೆಗಳಲ್ಲಿ .303 ಇಂಚಿನ ಎಂಟು ಬ್ರೌನಿಂಗ್ ಗನ್, ಒಟ್ಟು ಗುಂಡು ಹಾರಿಸುವ ಸಮಯ ಸುಮಾರು 15 ಸೆಕೆಂಡು ಮಾತ್ರ. ಪಕ್ಕದ ಅಕ್ಷರಗಳು 'ಎಲ್‌ಯು' ಅಥವಾ 'ಎನ್‌ಜೆ' ಇರಲಿ. ಅವು ಮರ್ಚೆಂಟ್ ಶಿಪ್ ಫೈಟರ್ ಯೂನಿಟ್‌ನವು, 1941ರ ಮೇ ತಿಂಗಳಲ್ಲಿ ಲಿವರ್‌ಪೂಲ್ ಬಳಿಯ ಸ್ಪೀಕ್‌ನಲ್ಲಿ ಶುರುವಾದ ಘಟಕ.

ಬಣ್ಣ ಹೊಸದರಂತೆ ಹೊಳೆಯಬಾರದು. ಹಡಗಿನ ಮೂತಿಯಲ್ಲಿ ಮುಚ್ಚಿಗೆಯೇ ಇಲ್ಲದೆ ವಾರಗಟ್ಟಲೆ ಉಪ್ಪುನೀರು ಹೊಡೆಸಿಕೊಂಡ ವಿಮಾನ ಅದು. ಗನ್ ಬಾಯಿ, ವಿದ್ಯುತ್ ಸಂಪರ್ಕ, ಕೀಲು ಎಲ್ಲಕ್ಕೂ ಉಪ್ಪು ಹಿಡಿಯುತ್ತಿತ್ತು. ಇದನ್ನು ಕಾಯಲು ಇದ್ದವರು ಒಬ್ಬ ಎಂಜಿನ್ ಫಿಟ್ಟರ್, ಒಬ್ಬ ರಿಗ್ಗರ್ (ವಿಮಾನದ ಒಡಲು ನೋಡಿಕೊಳ್ಳುವವ). ಜೊತೆಗೆ ರೇಡಿಯೋ ಆಪರೇಟರ್, ಫೈಟರ್ ನಿರ್ದೇಶನಾಧಿಕಾರಿ, ಕ್ಯಾಟಪಲ್ಟ್‌ನ ವಿದ್ಯುತ್ ಕೆಲಸಕ್ಕೆ ಒಬ್ಬ ನಾವಿಕ. ಪೈಲಟ್ ಉತ್ತರ ಅಟ್ಲಾಂಟಿಕ್ ಯಾನಕ್ಕೆ ಒಬ್ಬ; ರಷ್ಯಾ, ಜಿಬ್ರಾಲ್ಟರ್, ಫ್ರೀಟೌನ್ ಕಡೆಗಾದರೆ ಇಬ್ಬರು.

ಹಾರಿದ ಮೇಲೆ: ದಡ ಎಟುಕುವ ದೂರದಲ್ಲಿದ್ದರೆ ಅಲ್ಲಿಗೆ. ಇಲ್ಲದಿದ್ದರೆ ಬೆಂಗಾವಲು ನೌಕೆಯ ಹತ್ತಿರ ಬಂದು ಪ್ಯಾರಾಚೂಟ್‌ನಲ್ಲಿ ಜಿಗಿಯುವುದು. ವಿಮಾನವನ್ನೇ ನೀರಿನ ಮೇಲೆ ಇಳಿಸಬಹುದಲ್ಲ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಹರಿಕೇನ್ ಹೊಟ್ಟೆಯ ಕೆಳಗೆ ರೇಡಿಯೇಟರಿನ ದೊಡ್ಡ ಬಾಯಿ ಇದೆ. ನೀರು ತಾಗಿದ ಕೂಡಲೇ ಅದು ನೀರನ್ನು ಹಿಡಿದು ಮೂತಿಯನ್ನು ಕೆಳಗೆ ಎಳೆಯುತ್ತದೆ, ಪೈಲಟ್ ಹೊರಬರುವ ಮುಂಚೆ ವಿಮಾನ ಮುಳುಗುತ್ತದೆ. ಜಿಗಿದರೆ ಲೈಫ್ ಜಾಕೆಟ್ ಇದೆ, ಒಬ್ಬನಿಗೆ ಸಾಲುವ ರಬ್ಬರ್ ತೆಪ್ಪ ಇದೆ. ಆದರೂ ಆರ್ಕ್ಟಿಕ್ ನೀರಿನಲ್ಲಿ ಉಳಿಗಾಲ ನಿಮಿಷಗಳ ಲೆಕ್ಕ, ಎತ್ತಿಕೊಳ್ಳುವ ನೌಕೆ ಹತ್ತಿರವೇ ಇರಬೇಕು. ಕಡಿಮೆ ಎತ್ತರದಲ್ಲಿ ಮೋಡ ಕವಿದಿದ್ದರೆ ಇನ್ನೂ ಕಷ್ಟ: ಮೋಡದ ಕೆಳಗೆ ಜಿಗಿದರೆ ಪ್ಯಾರಾಚೂಟ್ ಬಿಚ್ಚಲು ಎತ್ತರ ಸಾಲದು, ಮೇಲೆ ಜಿಗಿದರೆ ನೌಕೆಯವರಿಗೆ ಕಾಣುವುದಿಲ್ಲ.

ವಿರಾಜಪೇಟೆ ಓದುಗ

ಒಂದು ತಕರಾರು. 35 ಹಡಗುಗಳಿಗೆ ಕ್ಯಾಟಪಲ್ಟ್ ಕೂರಿಸಿ, 170 ಸಲ ಹೋಗಿ ಬಂದು, ಯುದ್ಧದಲ್ಲಿ ನಿಜವಾಗಿ ಹಾರಿಸಿದ್ದು ಎಂಟೇ ಸಲ. ಆ 35ರಲ್ಲಿ 12 ಹಡಗು ಮುಳುಗಿದವು. ಮೊದಲನೆಯದಾದ 'ಮೈಕೇಲ್ ಇ' 1941ರ ಜೂನ್ ಆರಂಭದಲ್ಲಿ ಒಂದು ಸಲವೂ ವಿಮಾನ ಹಾರಿಸದೆ ಜಲಾಂತರ್ಗಾಮಿಗೆ ಬಲಿಯಾಯಿತು. ಇದನ್ನು ಯಶಸ್ಸು ಎಂದು ಶಾಲೆಯ ಫಲಕದಲ್ಲಿ ಬರೆಯುವುದು ಸರಿಯೇ? ಆ ಉಕ್ಕು, ಆ ಪೈಲಟ್‌ಗಳು ಬೇರೆ ಕಡೆ ಹೆಚ್ಚು ಕೆಲಸಕ್ಕೆ ಬರುತ್ತಿರಲಿಲ್ಲವೇ?

ನಾಪೋಕ್ಲು ನೌಕಾಪ್ರಿಯ

ನಿಮ್ಮ ಅಂಕಿಗಳು ಸರಿ. ಅವುಗಳಿಂದ ನೀವು ತೆಗೆದ ತೀರ್ಮಾನಕ್ಕೆ ನನ್ನ ಒಪ್ಪಿಗೆ ಇಲ್ಲ.

ಎಂಟೇ ಸಲ ಏಕೆ ಎಂದು ಮೊದಲು ಕೇಳಬೇಕು. ಪ್ರತಿ ಕ್ಯಾಮ್ ಹಡಗಿನ ಬಳಿ ಇದ್ದದ್ದು ಒಂದೇ ಎಸೆತ. ಹಾರಿಸಿದರೆ ವಿಮಾನ ಹೋಯಿತು, ಪೈಲಟ್ಟಿನ ಜೀವ ಪಣಕ್ಕೆ ಬಿತ್ತು, ಉಳಿದ ಯಾನಕ್ಕೆ ಆ ಕಾನ್ವಾಯ್ ಬರಿಗೈ. ಹಾಗಾಗಿ ದೂರದಲ್ಲಿ ಒಂದು ವಿಮಾನ ಕಂಡ ಮಾತ್ರಕ್ಕೆ ಸ್ವಿಚ್ ಹಾಕುವಂತಿರಲಿಲ್ಲ. ಅದು ನಮ್ಮದೇ ಕಾವಲು ವಿಮಾನವೇ, ಕಾಂಡರೇ? ಮೋಡದೊಳಗೆ ನುಸುಳಿ ಹೋಗುವಷ್ಟು ಹತ್ತಿರ ಮೋಡ ಇದೆಯೇ? ನಾಳೆ ಇದಕ್ಕಿಂತ ದೊಡ್ಡ ದಾಳಿ ಬರುತ್ತದೆಯೇ? ಹರಿಕೇನ್‌ಗೆ ಕಾಂಡರಿಗಿಂತ ಗಂಟೆಗೆ ಸುಮಾರು 150 ಕಿ.ಮೀ. ಹೆಚ್ಚು ವೇಗ. 15 ಕಿ.ಮೀ. ದೂರದಲ್ಲಿ ಓಡುತ್ತಿರುವ ಕಾಂಡರನ್ನು ಹಿಡಿಯಲು ಏರುವ ಸಮಯ ಬಿಟ್ಟೇ ಆರು ನಿಮಿಷ. ಅಷ್ಟರಲ್ಲಿ ಅದು ಮೋಡ ಸೇರಿದರೆ ಎಸೆತ ವ್ಯರ್ಥ.

ಈ ತೀರ್ಮಾನ ಎಷ್ಟು ಭಾರದ್ದೆಂದು 1942ರ ಮೇ ತಿಂಗಳಲ್ಲಿ ರಷ್ಯಾಕ್ಕೆ ಹೊರಟಿದ್ದ ಪಿಕ್ಯೂ 16 ಕಾನ್ವಾಯ್ ತೋರಿಸುತ್ತದೆ. ಮೇ 25ರಂದು 'ಎಂಪೈರ್ ಲಾರೆನ್ಸ್' ತನ್ನ ಹರಿಕೇನ್ ಹಾರಿಸಿತು. ಪೈಲಟ್ ಹೇ ಜರ್ಮನ್ ಬಾಂಬರುಗಳ ಮೇಲೆ ಬಿದ್ದು, ಗಾಯಗೊಂಡು, ಜಿಗಿದು, 'ವಾಲಂಟಿಯರ್' ನೌಕೆಯಿಂದ ಬದುಕಿ ಬಂದ. ದಾಳಿ ಅಂದಿಗೆ ನಿಲ್ಲಲಿಲ್ಲ. 27ರಂದು ಬಾಂಬರುಗಳು ಮತ್ತೆ ಬಂದಾಗ 'ಎಂಪೈರ್ ಲಾರೆನ್ಸ್' ಬಳಿ ಹಾರಿಸಲು ಏನೂ ಉಳಿದಿರಲಿಲ್ಲ, ಹಡಗು ಮುಳುಗಿತು. ಅದೇ ವಾರ ಎದುರು ದಿಕ್ಕಿನಲ್ಲಿ ಬರುತ್ತಿದ್ದ ಕ್ಯೂಪಿ 12ರಲ್ಲಿ 'ಎಂಪೈರ್ ಮಾರ್ನ್' ಹಡಗಿನ ಪೈಲಟ್ ಜಾನ್ ಕೆಂಡಲ್ ಒಂದು ಜಂಕರ್ಸ್ 88 ಬಾಂಬರ್ ಬೀಳಿಸಿದ. ಹಿಂತಿರುಗಿ ಜಿಗಿದಾಗ ಪ್ಯಾರಾಚೂಟ್ ಸಮಯಕ್ಕೆ ಬಿಚ್ಚಲಿಲ್ಲ. ಕ್ಯಾಮ್ ಹಡಗುಗಳಿಂದ ಯುದ್ಧಕ್ಕೆ ಹಾರಿದವರಲ್ಲಿ ಜೀವ ತೆತ್ತವನು ಈತನೊಬ್ಬನೇ. ಫಲಕದಲ್ಲಿ ಈತನ ಹೆಸರು ಇರಲೇಬೇಕೆಂದು ನನ್ನ ಕೋರಿಕೆ.

ಪ್ರಯೋಜನದ ಮಾತು. ಬೀಳಿಸಿದ ವಿಮಾನಗಳನ್ನು ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ. 1941ರ ನವೆಂಬರ್ 1ರಂದು 'ಎಂಪೈರ್ ಫೋಮ್'ನಿಂದ ಹಾರಿದ ವಾರ್ಲಿ ಕಾಂಡರನ್ನು ಬೀಳಿಸಲಿಲ್ಲ, ಓಡಿಸಿದ. ಕಾನ್ವಾಯ್‌ಗೆ ಬೇಕಾದದ್ದು ಅದೇ. ನೋಡುವ ಕಣ್ಣು ಹೋದರೆ ಜಲಾಂತರ್ಗಾಮಿಗಳಿಗೆ ಸುದ್ದಿ ಹೋಗದು. ಕಾಂಡರ್ ಮೂಲತಃ ಪ್ರಯಾಣಿಕರ ವಿಮಾನ; ಒಡಲು ಬಲವಿಲ್ಲದ್ದು, ಸಂಖ್ಯೆಯೂ ಕಡಿಮೆ, ಯುದ್ಧದುದ್ದಕ್ಕೂ ಕಟ್ಟಿದ್ದು ಮುನ್ನೂರಕ್ಕೂ ಕಡಿಮೆ. 1941ರ ಮಧ್ಯದ ಹೊತ್ತಿಗೆ ಹಡಗುಗಳ ಮೇಲೆ ನೇರ ದಾಳಿ ಬಿಟ್ಟು ದೂರದಿಂದ ನೋಡಿ ವರದಿ ಮಾಡಿ ಎಂದು ಅವುಗಳ ಪೈಲಟ್‌ಗಳಿಗೆ ಆದೇಶ ಬಂತು. ಇದಕ್ಕೆ ವ್ಯಾಪಾರಿ ಹಡಗುಗಳಿಗೆ ಕೊಟ್ಟ ತೋಪುಗಳೂ ಕಾರಣ. ಆದರೆ ಯಾವ ಹಡಗಿನ ಮೂತಿಯಲ್ಲಿ ಹರಿಕೇನ್ ಕೂತಿದೆಯೋ ಎಂಬ ಅಳುಕು ಸೇರಿದ ಮೇಲೆ ಹತ್ತಿರ ಬರುವ ಧೈರ್ಯ ಇನ್ನೂ ಕುಗ್ಗಿತು ಎಂಬುದು ನನ್ನ ಅಭಿಪ್ರಾಯ.

ಸೋಮವಾರಪೇಟೆ ವಿಮಾನಾಸಕ್ತ

ಇದರೊಂದಿಗೆ ಮೂರು ಬಗೆಯ ಹಡಗುಗಳನ್ನು ಬೆರೆಸದಿರಿ, ಪ್ರದರ್ಶನಗಳಲ್ಲಿ ಹೆಚ್ಚು ತಪ್ಪುವುದು ಇಲ್ಲಿಯೇ. ಫೈಟರ್ ಕ್ಯಾಟಪಲ್ಟ್ ಹಡಗುಗಳು ನೌಕಾಪಡೆಯವು: ಪೆಗಾಸಸ್, ಸ್ಪ್ರಿಂಗ್‌ಬ್ಯಾಂಕ್, ಅರಿಗ್ವಾನಿ, ಮೇಪ್ಲಿನ್, ಪೇಷಿಯಾ. ಹಡಗಿನಿಂದ ಕ್ಯಾಟಪಲ್ಟ್ ಮಾಡಿದ ಹರಿಕೇನ್ ಮೊದಲ ಕಾಂಡರನ್ನು ಬೀಳಿಸಿದ್ದು 1941ರ ಆಗಸ್ಟ್ 3ರಂದು, ಮೇಪ್ಲಿನ್‌ನಿಂದ ಹಾರಿದ ಎವೆರೆಟ್. ಆತ ನೌಕಾಪಡೆಯ ಪೈಲಟ್, ಹಡಗು ಕ್ಯಾಮ್ ಅಲ್ಲ. ಮ್ಯಾಕ್ (ಮರ್ಚೆಂಟ್ ಏರ್‌ಕ್ರಾಫ್ಟ್ ಕ್ಯಾರಿಯರ್) ಹಡಗುಗಳು ಬೇರೆಯೇ: ಧಾನ್ಯ ಅಥವಾ ಎಣ್ಣೆ ಸಾಗಿಸುವ ಹಡಗಿನ ನೆತ್ತಿಯ ಮೇಲೆ ವಿಮಾನ ಹಾರಿ ಇಳಿಯುವ ಪೂರ್ತಿ ಹಾರುದಟ್ಟೆ ಕೂರಿಸಿದ್ದು, ಒಟ್ಟು 19. ಅವುಗಳಲ್ಲಿ ಫೈಟರ್ ಇರಲಿಲ್ಲ, ಜಲಾಂತರ್ಗಾಮಿ ಬೇಟೆಗೆ ಮೂರೋ ನಾಲ್ಕೋ ಸ್ವೋರ್ಡ್‌ಫಿಶ್ ವಿಮಾನಗಳಿದ್ದವು. ಸರಕು ಅಲ್ಲೂ ಎಂದಿನಂತೆ.

ಒಂದೇ ಎಸೆತದ ತೊಡಕನ್ನು ಬಿಡಿಸಿದ್ದು ಎಸ್ಕಾರ್ಟ್ ಕ್ಯಾರಿಯರ್, ಅಂದರೆ ಕಾನ್ವಾಯ್ ಬೆಂಗಾವಲಿನ ಚಿಕ್ಕ ವಿಮಾನವಾಹಕ. ಜರ್ಮನರಿಂದ ವಶಪಡಿಸಿಕೊಂಡ 'ಹ್ಯಾನೋವರ್' ಸರಕು ಹಡಗಿನ ಮೇಲ್ಭಾಗ ಕಡಿದು ಹಾರುದಟ್ಟೆ ಹಾಕಿ 'ಆಡಾಸಿಟಿ' ಮಾಡಿದರು. ವಿಮಾನ ಇಡಲು ಹ್ಯಾಂಗರ್ ಕೂಡ ಇರಲಿಲ್ಲ, ಮಾರ್ಟ್‌ಲೆಟ್ ಫೈಟರ್‌ಗಳು ಬಿಸಿಲು ಮಳೆಯಲ್ಲೇ ದಟ್ಟೆಯ ಮೇಲೆ. ಆದರೂ ಅವು ಹಾರಿ, ಇಳಿದು, ಮತ್ತೆ ಹಾರುತ್ತಿದ್ದವು. 1941ರ ಡಿಸೆಂಬರ್ 21ರಂದು ಮುಳುಗುವ ಮುಂಚೆ ಅದು ಹಲವು ಕಾಂಡರುಗಳನ್ನು ಬೀಳಿಸಿತ್ತು.

ಕ್ಯಾರಿಯರ್ ಬಂದ ಕೂಡಲೇ ಎಲ್ಲ ಸರಿಹೋಯಿತೆಂದೂ ಅಲ್ಲ. 1942ರ ಸೆಪ್ಟೆಂಬರಿನ ಪಿಕ್ಯೂ 18ರಲ್ಲಿ 'ಅವೆಂಜರ್' ಕ್ಯಾರಿಯರ್‌ನ ಸೀ ಹರಿಕೇನ್‌ಗಳು ಮೊದಲ ದಿನ ದೂರದಿಂದ ನೋಡಿ ವರದಿ ಮಾಡುವ ವಿಮಾನಗಳ ಬೆನ್ನು ಹತ್ತಿದ್ದಾಗ ಟಾರ್ಪಿಡೊ ಬಾಂಬರುಗಳು ಸಾಲಾಗಿ ಬಂದು ಎಂಟು ಹಡಗು ಹೊಡೆದವು. ಮರುದಿನದಿಂದ ಫೈಟರ್‌ಗಳನ್ನು ದೊಡ್ಡ ದಾಳಿಗೆಂದೇ ಕಾದಿರಿಸಿದರು. ಗಡಿಬಿಡಿಯಲ್ಲಿ ಕಾನ್ವಾಯ್‌ನವರದೇ ಗುಂಡಿಗೆ ಕೆಲವು ಹರಿಕೇನ್‌ಗಳು ಬಿದ್ದದ್ದೂ ಅಲ್ಲಿಯೇ. ಅದೇ ಕಾನ್ವಾಯ್‌ನಲ್ಲಿ ಸೆಪ್ಟೆಂಬರ್ 18ರಂದು 'ಎಂಪೈರ್ ಮಾರ್ನ್'ನಿಂದ ಹಾರಿದ ಪೈಲಟ್ ಬರ್, ಹೈಂಕೆಲ್ ಬಾಂಬರುಗಳ ಮೇಲೆ ಗುಂಡು ಮುಗಿಸಿ, ಜಿಗಿಯದೆ ಆರ್ಖಾಂಗೆಲ್ಸ್ಕ್ ಬಳಿಯ ಕೆಗ್ ಒಸ್ತ್ರೋವ್ ನೆಲದಲ್ಲಿ ವಿಮಾನ ಇಳಿಸಿದ. ಕ್ಯಾಮ್ ಹರಿಕೇನ್ ಒಂದು ಉಳಿದು ಬಂದ ಅಪರೂಪದ ಪ್ರಸಂಗ.

ಕೊನೆಯ ಹಾರಾಟ 1943ರ ಜುಲೈ 28ರಂದು, ಎಸ್‌ಎಲ್ 133 ಕಾನ್ವಾಯ್‌ನಿಂದ: 'ಎಂಪೈರ್ ಡಾರ್ವಿನ್'ನ ಸ್ಟೀವರ್ಟ್, 'ಎಂಪೈರ್ ಟೈಡ್'ನ ಫ್ಲಿನ್, ಇಬ್ಬರಿಗೂ ತಲಾ ಒಂದು ಕಾಂಡರ್. ಆ ಸೆಪ್ಟೆಂಬರಿನಲ್ಲಿ ಮರ್ಚೆಂಟ್ ಶಿಪ್ ಫೈಟರ್ ಯೂನಿಟ್ ಮುಚ್ಚಿದರು. ಅಷ್ಟರಲ್ಲಿ ಎಸ್ಕಾರ್ಟ್ ಕ್ಯಾರಿಯರ್‌ಗಳು ಸಾಕಷ್ಟು ಬಂದಿದ್ದವು.

ಮಡಿಕೇರಿ ಮಾಡೆಲರ್

ಇಬ್ಬರಿಗೂ ತುಂಬು ಧನ್ಯವಾದ. ಕ್ಯಾಟಪಲ್ಟನ್ನು ಎಡಕ್ಕೆ ಸರಿಸಿ, ಮೂತಿಯನ್ನು 4 ಡಿಗ್ರಿ ಎತ್ತಿ ಮತ್ತೆ ನಕ್ಷೆ ಬರೆಯಲಾಗುತ್ತಿದೆ. ಕೆಂಡಲ್ ಹೆಸರು ಫಲಕದಲ್ಲಿ ಇರುತ್ತದೆ. ಇನ್ನೆರಡು ಪ್ರಶ್ನೆ: ಇದಕ್ಕೂ ಕೊಡಗಿಗೂ ಏನಾದರೂ ನಂಟು ಬರೆಯಬಹುದೇ, ಸುಮ್ಮನೆ ಎಳೆದು ತರದೆ? ಮತ್ತೆ ಪ್ರದರ್ಶನ ಜುಲೈಯಲ್ಲಿ. ಈ ಮಳೆಯಲ್ಲಿ ವಾರ್ನಿಶ್ ಬೆಳ್ಳಗಾಗದಂತೆ ಏನು ಮಾಡಬೇಕು?

ವಿರಾಜಪೇಟೆ ಓದುಗ

ನಂಟಿನ ಪ್ರಶ್ನೆಗೆ ನನ್ನ ಉತ್ತರ. ಕಾಫಿಯನ್ನು ಬರೆಯಿರಿ, ಅದು ಎಳೆದು ತಂದದ್ದಲ್ಲ. ಯುದ್ಧ ಶುರುವಾಗಿ ಯೂರೋಪಿನ ಮಾರುಕಟ್ಟೆ ಮುಚ್ಚಿತು, ಹಡಗಿನಲ್ಲಿ ಜಾಗ ಸಿಗುವುದು ದುಸ್ತರವಾಯಿತು. ಬೆಳೆಗಾರರನ್ನು ಉಳಿಸಲು 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಮಾರುಕಟ್ಟೆ ವಿಸ್ತರಣಾ ಕಾಯ್ದೆ ಬಂತು. ನಮ್ಮ ಹಿರಿಯರು ದಶಕಗಳ ಕಾಲ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ (ಎಲ್ಲರ ಕಾಫಿ ಒಟ್ಟುಗೂಡಿಸಿ ಮಾರುವ ವ್ಯವಸ್ಥೆ) ಕೊಟ್ಟ ಪದ್ಧತಿಯ ಬೇರು ಅಲ್ಲಿದೆ. ಇನ್ನೊಂದು, ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಸಾವಿರಾರು ಭಾರತೀಯ ಲಸ್ಕರ್ ನಾವಿಕರು ದುಡಿಯುತ್ತಿದ್ದರು, ಬಹಳ ಮಂದಿ ಎಂಜಿನ್ ಕೋಣೆಯಲ್ಲಿ. ಟಾರ್ಪಿಡೊ ತಾಗಿದರೆ ಹೊರಬರುವುದು ಅತಿ ಕಷ್ಟವಾದ ಜಾಗ ಅದು. ಪೈಲಟ್‌ಗಳ ಹೆಸರಿನ ಪಕ್ಕದಲ್ಲಿ ಅವರಿಗೂ ಎರಡು ಸಾಲು ಇರಲಿ. ನೌಕಾಪ್ರಿಯರ ವಾದಕ್ಕೆ ನಾನು ಅರ್ಧ ಒಪ್ಪುತ್ತೇನೆ. ಫಲಕದಲ್ಲಿ 'ತಾತ್ಕಾಲಿಕ ಉಪಾಯ' ಎಂದು ಬರೆದರೆ ನನ್ನ ತಕರಾರು ಇಲ್ಲ.

ನಾಪೋಕ್ಲು ನೌಕಾಪ್ರಿಯ

ಆ ಮಾತಿಗೆ ನನ್ನದೂ ಒಪ್ಪಿಗೆ. ಕ್ಯಾರಿಯರ್ ಬರುವವರೆಗಿನ ಎರಡು ವರ್ಷ ದಾಟಿಸಲು ಮಾಡಿದ್ದೇ ಅದು.

ವಾರ್ನಿಶ್ ಬಗ್ಗೆ: ಬೆಳ್ಳಗಾಗುವುದು ಗಾಳಿಯ ತೇವ ಪದರದೊಳಗೆ ಸಿಕ್ಕಿಕೊಳ್ಳುವುದರಿಂದ. ಜುಲೈಯಲ್ಲಿ ಮಡಿಕೇರಿಯಲ್ಲಿ ಸ್ಪ್ರೇ ಡಬ್ಬಿ ಮುಟ್ಟಲೇಬೇಡಿ. ಮೇ ಕೊನೆಯೊಳಗೆ ವಾರ್ನಿಶ್ ಮುಗಿಸಿ. ತಪ್ಪಿದರೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಮ್ಯಾಟ್ ವಾರ್ನಿಶನ್ನು ಬ್ರಷ್‌ನಲ್ಲಿ ತೆಳ್ಳಗೆ ಎರಡು ಸಲ ಹಚ್ಚಿ, 60 ವ್ಯಾಟ್ ಹಳೇ ಬಲ್ಬ್ ಇಟ್ಟ ಮುಚ್ಚಿದ ಪೆಟ್ಟಿಗೆಯಲ್ಲಿ, ಬಲ್ಬಿನಿಂದ ಎರಡಡಿ ದೂರದಲ್ಲಿ, ಒಂದು ರಾತ್ರಿ ಒಣಗಿಸಿ. ಹತ್ತಿರ ಇಟ್ಟರೆ ಪ್ಲಾಸ್ಟಿಕ್ ರೆಕ್ಕೆ ಬಾಗುತ್ತದೆ. ಗಾಜಿನ ಪೆಟ್ಟಿಗೆಯ ತಳದಲ್ಲಿ ಸಿಲಿಕಾ ಜೆಲ್ ಹಾಕಿ, ಬಣ್ಣ ತಿರುಗಿದಾಗ ಬಿಸಿ ಮಾಡಿ ಮತ್ತೆ ಬಳಸಿ. ಹಳಿಗೆ ಕಬ್ಬಿಣದ ತಂತಿ ಬೇಡ, ಹಿತ್ತಾಳೆ ಹಾಕಿ. ಕಬ್ಬಿಣ ಆದರೆ ಆಗಸ್ಟ್ ಹೊತ್ತಿಗೆ ತುಕ್ಕು ಬಣ್ಣದ ಮೇಲೆ ಒಸರುತ್ತದೆ.

ಎಫ್ ಧ್ವಜವನ್ನು ಗಾಳಿಗೆ ಹಾರುವಂತೆ ಅಂಟಿಸುವಾಗ ದಿಕ್ಕು ನೋಡಿಕೊಳ್ಳಿ. ಹಡಗು ಗಾಳಿಗೆ ಮುಖ ಮಾಡಿದೆ, ಹಾಗಾಗಿ ಎಲ್ಲ ಧ್ವಜಗಳೂ ಹೊಗೆಯೂ ನೇರ ಹಿಂದಕ್ಕೆ ಹೋಗಬೇಕು.